ಸಾಲಾಗಿ ನಿಲ್ಲಿಸಿದ ಸ್ವಿಚ್ಚುಗಳು

ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಂಬತ್ತರ ದಶಕದ ನಡುವೆ ಚನ್ನಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದೆ. ಆ ಸಿಟ್ಟನ್ನು ಹೆಚ್ಚಾಗಿ ಸಹಿಸಿಕೊಂಡವನು ನಮ್ಮ ಲ್ಯಾಬಿನ ಅಟೆಂಡರ್. ನನ್ನದೇ ವಯಸ್ಸಿನವನು, ದಿನಾ ತ್ಯಾವಣಿಗೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ. ಎಂಟತ್ತು ವರ್ಷದಿಂದ ದಿನಗೂಲಿಯಲ್ಲೇ ಇದ್ದ. ಕೆಲಸ ಕಾಯಂ ಆಗಲು ನನ್ನದೊಂದು ಒಳ್ಳೆಯ ಮಾತು ಬೇಕಿತ್ತು.

ಆ ವರ್ಷ ಲ್ಯಾಬಿಗೆ ಕಂಪ್ಯೂಟರ್ ಬಂತು. ಜೊತೆಗೆ ಇಂಟರ್‌ಫೇಸ್ ಕಂಟ್ರೋಲರ್ ಎಂಬ ಪೆಟ್ಟಿಗೆ. ವೋಲ್ಟ್‌ಮೀಟರು, ಉಷ್ಣತೆ ಅಳೆಯುವ ಉಪಕರಣ ಎರಡನ್ನೂ ದಪ್ಪ ಕೇಬಲ್ಲಿನಿಂದ ಅದಕ್ಕೆ ಸಿಕ್ಕಿಸಿದರೆ, ಕಂಪ್ಯೂಟರೇ ಅವುಗಳಿಂದ ಅಳತೆ ಕೇಳಿ ಬರೆದುಕೊಳ್ಳುತ್ತಿತ್ತು. ಮುಳ್ಳು ನೋಡಿ ನೋಡಿ ಕಣ್ಣು ಕೆಡಿಸಿಕೊಂಡವನಿಗೆ ಅದು ಪವಾಡವೇ. ಮೊದಲ ಸಲ ಪರದೆಯ ಮೇಲೆ ಅಂಕಿಗಳು ತಾವಾಗಿ ಮೂಡಿದಾಗ ನಾವಿಬ್ಬರೂ ಮಕ್ಕಳ ಹಾಗೆ ನಕ್ಕಿದ್ದೆವು.

ಆಯುಧಪೂಜೆಯ ದಿನ ಎಲ್ಲವನ್ನೂ ಒರೆಸಿ ವಿಭೂತಿ, ಕುಂಕುಮ ಹಚ್ಚಿದೆವು. ರಜೆ ಮುಗಿಸಿ ಬಂದು ನೋಡಿದರೆ ಒಂದು ಉಪಕರಣವೂ ಕಂಪ್ಯೂಟರಿಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಕೇಬಲ್ ತೆಗೆದೆ, ಹಾಕಿದೆ, ಬೈದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಳು ಮಾಡಿದ್ದೀಯ ಎಂದು ಅವನ ಮೇಲೆ ಹರಿಹಾಯ್ದೆ. ಬಟ್ಟೆ ಒಣಗಿತ್ತು ಎಂದು ಅವನು ಹೇಳುತ್ತಲೇ ಇದ್ದ. ಕೇಳುವ ವ್ಯವಧಾನ ನನಗೆಲ್ಲಿತ್ತು? ಅಟೆಂಡರನ ಅಜಾಗರೂಕತೆಯಿಂದ ಯಂತ್ರ ಕೆಟ್ಟಿದೆ, ಇವನನ್ನು ಮುಂದುವರಿಸುವುದು ಬೇಡ ಎಂದು ಅವನಿಗೆ ತಿಳಿಯದ ಹಾಗೆ ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆ.

ನಾಲ್ಕು ದಿನದ ಮೇಲೆ ಕಂಪನಿಯ ಎಂಜಿನಿಯರ್ ದಾವಣಗೆರೆ ಬಸ್ಸಿನಿಂದ ಇಳಿದು ಬಂದರು. ಉಪಕರಣಗಳ ಬೆನ್ನು ತಿರುಗಿಸಿ ನೋಡಿ, ಇಷ್ಟೇನಾ ಎಂದರು. ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಸ್ವಿಚ್ಚುಗಳ ಸಾಲು. ಅವುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದರಿಂದಲೇ ಒಂದೊಂದು ಉಪಕರಣಕ್ಕೂ ಬೇರೆ ಬೇರೆ ನಂಬರು. ಈಗ ಎರಡರಲ್ಲೂ ಎಲ್ಲ ಸ್ವಿಚ್ಚೂ ಕೆಳಗೇ ಇದ್ದವು. ನಂಬರು ಒಂದೇ ಆಗಿ, ಕಂಪ್ಯೂಟರ್ ಕರೆದಾಗಲೆಲ್ಲ ಎರಡೂ ಒಟ್ಟಿಗೇ ಬಾಯಿ ಹಾಕುತ್ತಿದ್ದವು. ಯಾರು ಹೀಗೆ ಮಾಡಿದ್ದು ಎಂದು ಎಂಜಿನಿಯರ್ ಕೇಳಿದರು.

ಅಟೆಂಡರ್ ನನ್ನ ಕಡೆ ನೋಡಿದ. "ಪೂಜೆ ದಿನ ನೀವೇ ಸಾಲಾಗಿ ಮಾಡಿದ್ರಲ್ಲ ಸರ್, ಹಿಂಗೆ ಮೇಲೆ ಕೆಳಗೆ ಇದ್ರೆ ಚೆಂದ ಕಾಣಲ್ಲ ಅಂತ. ನಿಮಗೆ ಗೊತ್ತಿದ್ದೇ ಮಾಡ್ತಿದೀರಿ ಅಂದ್ಕಂಡೆ."

ಹೌದು. ವಿಭೂತಿಯ ಮೂರು ಗೆರೆ ನೆಟ್ಟಗೆ ಎಳೆದವನಿಗೆ ಪಕ್ಕದಲ್ಲಿ ಏರುಪೇರಾಗಿದ್ದ ಸ್ವಿಚ್ಚುಗಳು ಕಣ್ಣಿಗೆ ಚುಚ್ಚಿದ್ದವು. ಪೆನ್ನಿನ ತುದಿಯಿಂದ ನಾನೇ ಒಂದೊಂದನ್ನೂ ಕೆಳಕ್ಕೆ ಒತ್ತಿದ್ದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ತಪ್ಪು ನನ್ನದು, ಅಟೆಂಡರನ ಮೇಲೆ ಬರೆದ ಕಾಗದ ವಾಪಸು ಕೊಡಿ ಎಂದೆ. ಪುಣ್ಯಕ್ಕೆ ಅವರು ಅದನ್ನು ಇನ್ನೂ ಮೇಲಕ್ಕೆ ಕಳಿಸಿರಲಿಲ್ಲ. ಕಾಗದ ಹಿಡಿದು ತಿರುಗಿದರೆ ಬಾಗಿಲಲ್ಲಿ ಅವನು, ಎಂಜಿನಿಯರಿಗೆಂದು ತಂದ ಕಾಫಿಯ ಜೊತೆ ನಿಂತಿದ್ದ.

"ನನ್ನ ಕೆಲಸ ತೆಗೆಸಾಕೆ ಬರೆದಿದ್ರಾ ಸರ್?"

ಹೌದು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮರುವರ್ಷ ಅವನ ಕೆಲಸ ಕಾಯಂ ಆಯಿತು. ಪೇಡೆ ತಂದು ಮೊದಲು ನನಗೇ ಕೊಟ್ಟ. ಆದರೆ ನಾನು ಅಲ್ಲಿದ್ದಷ್ಟು ವರ್ಷವೂ, ಬಟ್ಟೆ ಕೈಗೆತ್ತಿಕೊಳ್ಳುವ ಮುಂಚೆ ಸ್ಟಾಫ್ ರೂಮಿಗೆ ಬಂದು ಕರೆಯುತ್ತಿದ್ದ: "ಮಿಷನ್ ಒರೆಸ್ಬೇಕು ಸರ್, ಬಂದು ನಿಂತ್ಕಂಡು ನೋಡ್ರಿ."

ನಾನು ಹೋಗಿ ನಿಂತು ನೋಡುತ್ತಿದ್ದೆ.