ಒಂದೂ ಗೆರೆ ಬರದ ಕಾರ್ಡು

ಸ್ವಲ್ಪ ತಡೀರಿ, ಪುಟ ತಿರುಗಿಸಬೇಡಿ. ಕಳೆದ ವಾರ ಚಂದ್ರಾ ಲೇಔಟ್‌ನ ಒಂದು ಲ್ಯಾಬ್‌ನಲ್ಲಿ ನಡೆದದ್ದನ್ನು ಕೇಳಿಸಿಕೊಂಡು ಹೋಗಿ.

ನನ್ನ ಚಿಕ್ಕಮ್ಮನಿಗೆ ಜ್ವರ, ಮೈಕೈ ನೋವು. ಡೆಂಗಿ ಟೆಸ್ಟ್ ಬರೆದುಕೊಟ್ಟ ಡಾಕ್ಟರ್, ರಿಪೋರ್ಟ್ ಬರುವ ತನಕ ನೋವಿನ ಮಾತ್ರೆ ಮುಟ್ಟಬೇಡಿ, ಡೆಂಗಿ ಇದ್ದರೆ ರಕ್ತಸ್ರಾವ ಆಗಬಹುದು ಎಂದಿದ್ದರು. ಚಿಕ್ಕಮ್ಮನಿಗೋ ಮಂಡಿನೋವಿನಿಂದಾಗಿ ಆ ಮಾತ್ರೆ ಕಾಫಿಯಷ್ಟೇ ಅಭ್ಯಾಸ. ಪರ್ಸಿನಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ. ನೆಗೆಟಿವ್ ಅಂದರೆ ಸಾಕು, ಅಲ್ಲೇ ನುಂಗಲು ತಯಾರು!

ಲ್ಯಾಬ್ ಓನರ್ ರಕ್ತದ ಹನಿ ಹಾಕಿದ ಟೆಸ್ಟ್ ಕಾರ್ಡು ನೋಡಿ ಘೋಷಿಸಿದರು. "ಗೆರೆ ಬಂದಿಲ್ಲ ಮೇಡಂ, ನೆಗೆಟಿವ್. ಆರಾಮಾಗಿ ಮನೆಗ್ ಹೋಗಿ."

ಬಗ್ಗಿ ನೋಡಿದೆ. ಗೆರೆ ಬಂದಿರಲಿಲ್ಲ, ನಿಜ. ಒಂದೂ ಬಂದಿರಲಿಲ್ಲ!

"ಸಾರ್, ಕಂಟ್ರೋಲ್ ಗೆರೆನೂ ಇಲ್ವಲ್ಲ?"

"ನೀವು ಡಾಕ್ಟ್ರಾ?"

"ಇಲ್ಲ ಸಾರ್, ಬಿಕಾಂ."

"ಮತ್ತೆ?"

ಮತ್ತೇನು? ಕೊರೋನಾ ಕಾಲದಿಂದ ನನಗೆ ಈ ಕಾರ್ಡುಗಳದ್ದೇ ಹುಚ್ಚು. ಒಳಗಿರುವ ಬಿಳಿ ಪಟ್ಟಿಯ ಮೇಲೆ ಆಂಟಿಬಾಡಿಗಳನ್ನು ಗೆರೆ ಎಳೆದಂತೆ ಅಂಟಿಸಿರುತ್ತಾರೆ. ವೈರಸ್ಸಿನ ಚೂರು ಹರಿದು ಬಂದರೆ ಅವು ಗಬಕ್ಕನೆ ಹಿಡಿಯಬೇಕು. ಅಂಟಿಸುವುದೇ ನಾಜೂಕಿನ ಕೆಲಸ. ಮುಖ ಗೋಡೆಗೆ, ಬೆನ್ನು ನಮಗೆ ಅನ್ನುವ ಹಾಗೆ ಅಂಟಿಕೊಂಡರೆ ಹಿಡಿಯುವುದು ಯಾವ ಕೈಯಲ್ಲಿ? ತೇವ ತಗುಲಿದರೂ ಕಥೆ ಮುಗಿಯಿತು. ಅದಕ್ಕೇ ಒಂದೊಂದು ಕಾರ್ಡಿಗೂ ಒಂದೊಂದು ಫಾಯಿಲ್ ಪ್ಯಾಕೆಟ್. ಕಾರ್ಡು ಕೆಲಸ ಮಾಡಿದೆ ಅನ್ನಲು ಸಾಕ್ಷಿ ಆ ಕಂಟ್ರೋಲ್ ಗೆರೆ. ಅದು ಬರದಿದ್ದರೆ ನೆಗೆಟಿವ್ ಅಲ್ಲ, ಟೆಸ್ಟೇ ಆಗಿಲ್ಲ.

ಇಷ್ಟು ಯೋಚಿಸುವಾಗ ಮೂಲೆಯ ಟ್ರೇ ಕಣ್ಣಿಗೆ ಬಿತ್ತು. ಬೆಳಿಗ್ಗೆಯೇ ಪ್ಯಾಕೆಟ್ ಒಡೆದು, ದರ್ಶಿನಿಯಲ್ಲಿ ತಟ್ಟೆ ಜೋಡಿಸಿದ ಹಾಗೆ ಕಾರ್ಡುಗಳನ್ನು ಬಿಡಿಬಿಡಿಯಾಗಿ ಹರಡಿದ್ದರು. ಪಕ್ಕದಲ್ಲೇ ಸಿಂಕು!

"ರಶ್ ಟೈಮಲ್ಲಿ ಒಂದೊಂದೇ ಹರ್ಕೊಂಡ್ ಕೂರಕ್ಕಾಗತ್ತಾ?" ಎಂದರು ಓನರ್. ರಿಸೆಪ್ಷನ್ನಿಗೆ ಎಸಿ ಇದೆ, ಗೋಡೆಗೆ ಟಿವಿ ಇದೆ. ಪ್ಯಾಕೆಟ್ ಹರಿಯಲು ಮಾತ್ರ ಪುರುಸೊತ್ತಿಲ್ಲ.

ಚಿಕ್ಕಮ್ಮ ನನ್ನನ್ನೇ ಗದರಿದರು. "ಸುಮ್ನಿರೋ! ಒಳ್ಳೇದ್ ಹೇಳ್ತಿದಾರೆ, ಹೇಳ್ಲಿ ಬಿಡು." ಮಾತ್ರೆ ಆಗಲೇ ಅಂಗೈಗೆ ಬಂದಿತ್ತು. ಕಿತ್ತುಕೊಂಡೆ. (ಹೌದು, ಕಿತ್ತುಕೊಂಡೆ. ಅಕ್ಕಪಕ್ಕದವರೆಲ್ಲ ನೋಡಿದರು.)

ಓನರ್ ಗೊಣಗುತ್ತಾ ಹೊಸ ಪ್ಯಾಕೆಟ್ ಒಡೆದರು. ಈ ಸಲ ಕಂಟ್ರೋಲ್ ಗೆರೆ ಠೀವಿಯಿಂದ ಬಂತು. ಅದರ ಹಿಂದೆಯೇ ಇನ್ನೊಂದು, ನಾಚುತ್ತಾ, ತೆಳ್ಳಗೆ. ಡೆಂಗಿ.

"ತೃಪ್ತಿ ಆಯ್ತಾ?" ಎಂದರು ಚಿಕ್ಕಮ್ಮ, ಡೆಂಗಿ ನಾನೇ ತಂದುಕೊಟ್ಟೆನೇನೋ ಎಂಬಂತೆ. ಬೈದುಕೊಳ್ಳಲಿ. ಆ ಮಾತ್ರೆ ಹೊಟ್ಟೆಗೆ ಇಳಿಯಲಿಲ್ಲವಲ್ಲ.

ಓನರ್ ಸಾರಿ ಕೇಳಿದರಾ? ಮುಖವೇ ಕೆಂಪಾಗಲಿಲ್ಲ. ಮುಂದಿನವರ ಹೆಸರು ಕೂಗಿ, ಅದೇ ಟ್ರೇಗೆ ಕೈ ಹಾಕಿದರು!

"ಅಣ್ಣ, ಹೊಸ ಪ್ಯಾಕೆಟ್ ಒಡೆಸ್ಕೊಳ್ಳಿ," ಎಂದೆ ಕುರ್ಚಿಯಲ್ಲಿ ಕೂತವರಿಗೆ.

"ಯಾವ್ದೋ ಒಂದು ಬೇಗ ಆಗ್ಲಿ ಗುರು, ಡ್ಯೂಟಿಗೆ ಲೇಟಾಯ್ತು," ಎಂದು ಅವರು ತೋಳು ಚಾಚಿದರು.

ನಿಮ್ಮ ಏರಿಯಾ ಲ್ಯಾಬಿನ ಕಥೆಯೂ ಇದ್ದರೆ ಬರೆದು ಕಳಿಸಿ. ಒಂದನ್ನು ಮಾತ್ರ ಮರೆಯದೆ ತಿಳಿಸಿ: ನಿಮಗೆ ಕೊಟ್ಟ ಆ 'ನೆಗೆಟಿವ್' ಕಾರ್ಡನ್ನು ನೀವು ಕಣ್ಣಾರೆ ನೋಡಿದ್ದೀರಾ?