ಮಿಯೆನ್ ಅಂಗಡಿಯ ಬೋಣಿಗೆ

ಜಪಾನಿನ ನಮ್ಮ ಇಸೆಸಾಕಿ ಊರಿನ ಈ ಒಂದು ಬೀದಿಯಲ್ಲೇ ವಿಯೆಟ್ನಾಮಿನವರ ದಿನಸಿ ಅಂಗಡಿಗಳು ನಾಲ್ಕಿವೆ. ನಾನು ಹೋಗುವುದು ಮಿಯೆನ್ ನಡೆಸುವ ಅಂಗಡಿಗೆ. ಹೋಗುವುದು ಎಂದೆ, ಕೊಳ್ಳುವುದು ಎನ್ನಲಿಲ್ಲ. ನಾನು ತತಾಮಿ ಚಾಪೆ ಹೊಲಿಯುವವನು. ಈಗಿನವರು ಮನೆಗೆಲ್ಲ ಹಲಗೆ ಹಾಸುವುದರಿಂದ ನನಗೆ ಪುರುಸೊತ್ತಿಗೇನೂ ಬರವಿಲ್ಲ. ಒಂಬತ್ತಕ್ಕೆ ಆಕೆ ಬಾಗಿಲು ತೆಗೆದರೆ ಒಂಬತ್ತೂ ಐದಕ್ಕೆ ನಾನು ಒಳಗೆ. ಯಾವುದೋ ಸೊಪ್ಪನ್ನು ಮೂಸುವುದು, ಯಾವುದೋ ಡಬ್ಬಿಯನ್ನು ಎತ್ತಿ "ಇದೇನು?" ಎನ್ನುವುದು, "ಮತ್ತೆ ಬರ್ತೀನಿ" ಎಂದು ನಡು ಬಗ್ಗಿಸಿ ಹೊರಡುವುದು. ನಮ್ಮಲ್ಲಿ ಇದಕ್ಕೆ ಸಭ್ಯತೆ ಎನ್ನುತ್ತಾರೆ.

ನಾನು ಹೊರಬಿದ್ದ ಕೂಡಲೇ ಮಿಯೆನ್ ಒಂದು ಕಾಗದದ ಚೂರಿಗೆ ಬೆಂಕಿ ಹಚ್ಚಿ ಹೊಸ್ತಿಲ ಆಚೀಚೆ ಆಡಿಸುವುದನ್ನು ಎಷ್ಟೋ ಸಲ ಕಂಡಿದ್ದೆ. ಪಾಪ, ಚಳಿಗೆ ಕೈ ಕಾಯಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಆದರೆ ನಮ್ಮ ಬಡಾವಣೆಯ ಬೆಂಕಿ ಎಚ್ಚರಿಕೆ ಸಮಿತಿಗೆ ನಾನೇ ಮುಖ್ಯಸ್ಥ. ಬೇರೆಯವರೆಲ್ಲ ಬೇಡವೆಂದ ಹುದ್ದೆ ಅದು. ಗಾಳಿಯ ದಿನಗಳಲ್ಲಿ ಬೆಂಕಿ ಹಚ್ಚಬಾರದು ಎಂಬ ಕರಪತ್ರವನ್ನು ಎರಡೂ ಕೈಯಿಂದ ಕೊಟ್ಟೆ. ಮರುದಿನ ಆಕೆ ಅದನ್ನೇ ಹಚ್ಚಿದಳು.

ಕೊನೆಗೆ ಗುಟ್ಟು ಬಿಟ್ಟುಕೊಟ್ಟವನು ಖಾಯ್, ವೆಲ್ಡಿಂಗ್ ಕಾರ್ಖಾನೆಯ ಮೇಸ್ತ್ರಿ, ಮಿಯೆನ್ ಊರಿನ ಕಡೆಯವನು.

"ನೆಮೊತೊ ಸಾನ್, ಅದು ನಿಮ್ಮ ದೃಷ್ಟಿ ತೆಗೆಯೋದು. ಬೋಣಿಗೆಗೆ ಬಂದೋರು ಬರಿಗೈಲಿ ಹೋದ್ರೆ ದಿನಪೂರ್ತಿ ವ್ಯಾಪಾರ ಕೆಟ್ಟೋಗುತ್ತೆ."

"ಎಷ್ಟು ದಿನದಿಂದ ತೆಗೀತಿದಾರೆ?"

"ನೀವು ಬರಕ್ಕೆ ಶುರು ಮಾಡಿದಾಗಿಂದ. ಅಕ್ಕ ಲೈಟರ್‌ಗೇ ಎಷ್ಟು ಸುರಿದಿದಾರೋ."

ಅಂದಿನಿಂದ ನಾನು ಹನ್ನೊಂದರ ಮೇಲೆ ಹೋಗತೊಡಗಿದೆ. ಒಮ್ಮೊಮ್ಮೆ ಶುಂಠಿಯನ್ನೂ ಕೊಳ್ಳತೊಡಗಿದೆ.

ಮಿಯೆನ್ ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಕಾರಿನ ಸೀಟು ಹೊಲಿಯಲು ಬಂದವಳು ಲಾರಿ ಓಡಿಸುವ ಓಸಾವಾನನ್ನು ಮದುವೆಯಾದಳು. ಓಸಾವಾ ವರ್ಷಕ್ಕೆ ಸುಮಾರು ನಲವತ್ತು ಮಾತಾಡುತ್ತಾನೆ, ಮಿಕ್ಕದ್ದನ್ನು ಆಕೆ ಆಡುತ್ತಾಳೆ. ಅಂಗಡಿ ಇರುವ ಜಾಗ ಮೊದಲು ಕ್ಷೌರದಂಗಡಿ. ಕ್ಷೌರದಂಗಡಿಯ ಗುರುತಾದ ಬಣ್ಣದ ಪಟ್ಟೆ ಸುತ್ತುವ ಕಂಬ ಇನ್ನೂ ಹೊರಗಿದೆ. ಒಳಗೆ ಗೋಡೆಯುದ್ದ ಕನ್ನಡಿ ಇರುವುದರಿಂದ ಮೀನಿನ ರಸದ ಬಾಟಲಿಗಳು ಒಂದಕ್ಕೆ ಎರಡಾಗಿ ಕಾಣುತ್ತವೆ. ಆಕೆ ಕೂರುವುದು ಹಳೆಯ ಕ್ಷೌರದ ಕುರ್ಚಿಯಲ್ಲಿ. ಗಿರಾಕಿ ಯಾವ ಕಡೆ ಹೋದರೆ ಆ ಕಡೆ ತಿರುಗುತ್ತಾಳೆ.

ಶನಿವಾರ ಸಂಜೆ ಕಾರ್ಖಾನೆಯ ಹುಡುಗ ಹುಡುಗಿಯರು ಸೈಕಲ್ಲಿನಲ್ಲಿ ಬಂದು ಇಳಿಯುತ್ತಾರೆ. ಬರೀ ನೂಡಲ್ಸ್ ಪೊಟ್ಟಣ ಎತ್ತಿಕೊಂಡವರಿಗೆ ಬಿಡುಗಡೆಯಿಲ್ಲ.

"ಏನೇ ಇದು, ಸೊಪ್ಪೆಲ್ಲಿ?"

"ಬಿಡಿಸೋಕೆ ಟೈಮಿಲ್ಲ ಅಕ್ಕ."

"ಮೊಬೈಲ್ ನೋಡೋಕಿದೆಯಾ? ತಗೋ ಹೊನಗೊನ್ನೆ. ಮನೇಗೆ ಫೋನ್ ಮಾಡಿದ್ಯಾ?"

"ಮಾಡ್ದೆ ಅಕ್ಕ."

"ಸುಳ್ಳು. ನಿಮ್ಮಮ್ಮ ಈಗ ತಾನೇ ನಂಗೆ ಮಾಡಿದ್ರು."

ಇಂಥ ಅಂಗಡಿಗೆ ಹೋದ ವರ್ಷ ಶನಿ ಹಿಡಿಯಿತು. ಅವರ ಹೊಸ ವರ್ಷದ ಹಬ್ಬ ತೆತ್. ಆ ದಿನ ಹೊಸ್ತಿಲು ದಾಟಿ ಮೊದಲು ಒಳಗೆ ಬರುವವರ ಕಾಲ್ಗುಣ ವರ್ಷವಿಡೀ ನಿಲ್ಲುತ್ತದಂತೆ. ಹೋದ ಸಲ ಮೊದಲು ಬಂದವನು ಹೊರಗಿನ ಕಂಬ ನೋಡಿ ಕ್ಷೌರಕ್ಕೆಂದು ಬಂದ ಪರವೂರಿನವನು. ಕುರ್ಚಿಯಲ್ಲಿ ಕೂತೇಬಿಟ್ಟಿದ್ದ. ಎಬ್ಬಿಸಿದ್ದಕ್ಕೆ ಸಿಡಿಮಿಡಿಗೊಂಡು ಹೋದ. ಆಮೇಲೆ ಆಗಸ್ಟಿನ ಸೆಕೆಯಲ್ಲಿ ಫ್ರೀಜರ್ ಕೆಟ್ಟು ಮೀನೆಲ್ಲ ಮಣ್ಣುಪಾಲಾಯಿತು, ಓಸಾವಾನ ಸೊಂಟ ಹಿಡಿದುಕೊಂಡಿತು, ಸ್ಟೇಷನ್ ಎದುರು ಇದರ ಮೂರರಷ್ಟು ದೊಡ್ಡ ಅಂಗಡಿ ತೆರೆಯಿತು. ಮಿಯೆನ್ ಊಟದ ಡಬ್ಬಿಗಳನ್ನು ತುಂಬಿಕೊಡುವ ಕಾರ್ಖಾನೆಯೊಂದರಿಂದ ಕೆಲಸದ ಅರ್ಜಿ ತಂದು ಗಲ್ಲಾಪೆಟ್ಟಿಗೆಯ ಕೆಳಗಿಟ್ಟಳು. ಇನ್ನೊಂದು ವರ್ಷ ಕಾಲ್ಗುಣ ಕೆಟ್ಟರೆ ಅಂಗಡಿಗೆ ಬೀಗ ಎಂದಳು. ತಮಾಷೆಗೆ ಹೇಳಿದ ಮಾತಲ್ಲ ಅದು. ಹೆಸರು, ವಿಳಾಸ ಆಗಲೇ ತುಂಬಿದ್ದಳು.

ಹಾಗಾಗಿ ಈ ಸಲ ಬಿಗಿ ಬಂದೋಬಸ್ತು. ಅವರಲ್ಲೂ ನಮ್ಮಲ್ಲೂ ವರ್ಷಕ್ಕೊಂದು ಪ್ರಾಣಿ, ಬರುವ ವರ್ಷ ಕುದುರೆಯದು. ಕುದುರೆಗೆ ನಾಯಿ ವರ್ಷದಲ್ಲಿ ಹುಟ್ಟಿದವರು ಬಹಳ ಆಪ್ತರಂತೆ. ಖಾಯ್ ನಾಯಿ ವರ್ಷದವನು. ಇಬ್ಬರು ಮಕ್ಕಳು, ಒಳ್ಳೆ ಸಂಬಳ, ಯಾವಾಗಲೂ ನಗುಮುಖ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅವನೇ ಮೊದಲು ಕಾಲಿಡಬೇಕೆಂದು ಮಾತಾಯಿತು. ಬರಲೇಬಾರದವರ ಪಟ್ಟಿಯೂ ಇತ್ತೆಂದು ನನಗೆ ತಿಳಿದದ್ದು ಆಮೇಲೆ, ಅದರ ತಲೆಯಲ್ಲಿ ನನ್ನ ಹೆಸರು. ಮಿಯೆನ್ ಹಾವಿನ ವರ್ಷದವಳು, ನಾನು ಹಂದಿಯ ವರ್ಷದವನು. ಪಂಚಾಂಗದಲ್ಲಿ ಹಾವಿಗೂ ಹಂದಿಗೂ ಎಣ್ಣೆ ಸೀಗೆಕಾಯಿ. ಸಾಲದ್ದಕ್ಕೆ ನನ್ನ ಬರಿಗೈಯ ಬೋಣಿಗೆಯ ಚರಿತ್ರೆ ಬೇರೆ.

ಇದನ್ನು ಆಕೆ ನೇರವಾಗಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹದಿನಾರು ವರ್ಷ ನಮ್ಮ ಜೊತೆ ಬದುಕಿ ಆಕೆಗೂ ನಮ್ಮ ರೋಗ ಅಂಟಿದೆ. ಹಬ್ಬದ ಹಿಂದಿನ ದಿನ ಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿ ಕಡುಬುಗಳನ್ನು ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟು, "ನಾಳೆ ಬೆಳಿಗ್ಗೆ ಗಾಳಿ ಜೋರಂತೆ ನೆಮೊತೊ ಸಾನ್, ನೀವು ಬೆಚ್ಚಗೆ ಮನೇಲೇ ಇರಿ" ಎಂದಳು. ನಮ್ಮವರಾರಾದರೂ ಹೀಗೆಂದಿದ್ದರೆ ಬರಬೇಡ ಎನ್ನುತ್ತಿದ್ದಾರೆಂದು ತಕ್ಷಣ ತಿಳಿಯುತ್ತಿತ್ತು. ಮಿಯೆನ್ ಹೇಳಿದ್ದರಿಂದ ಎಷ್ಟು ಕಾಳಜಿ ಈಕೆಗೆ ಎಂದು ಕರಗಿಹೋದೆ.

ನನ್ನ ಹೆಂಡತಿ ಸಚಿಕೊ ಮರುದಿನ ನಸುಕಿಗೇ ಎದ್ದು ಕೆಂಪು ಕಾಳು ಹಾಕಿ ಅಂಟಕ್ಕಿಯ ಕೆಂಪನ್ನ ಮಾಡಿದಳು. ಶುಭ ದಿನಕ್ಕೆ ನಾವು ಮಾಡುವುದು ಅದನ್ನೇ.

"ರೀ, ಡಬ್ಬಿ ವಾಪಸ್ ಕೊಟ್ಟು ಬನ್ನಿ. ಕೊಟ್ಟಿದ್ದಕ್ಕೆ ಮರುದಿನಾನೇ ತಿರುಗಿ ಕೊಡದಿದ್ರೆ ಚೆನ್ನಾಗಿರಲ್ಲ."

"ಹನ್ನೊಂದಕ್ಕೆ ಹೋಗ್ತೀನಿ."

"ಅನ್ನ ಬಿಸಿ ಇರೋವಾಗ ಹೋಗಿ. ಅವರಿಗೆ ಹಬ್ಬ, ನಿಮಗಿಲ್ಲಿ ಬೇರೇನು ಕೆಲಸ?"

ಎಂಟೂ ಐವತ್ತಕ್ಕೆ ಅಂಗಡಿಯ ಬಾಗಿಲು ಆಗಲೇ ತೆರೆದಿತ್ತು. ಒಳಗೆ ಮಿಯೆನ್ ಉದ್ದನೆಯ ಕೆಂಪು ಅಂಗಿ ತೊಟ್ಟು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಊದುಕಡ್ಡಿ ಉರಿಯುತ್ತಿತ್ತು. ನಾನು ಹುರುಪಿನಿಂದ ಎರಡು ಹೆಜ್ಜೆ ಒಳಗೆ ಹೋಗಿ "ಹಬ್ಬದ ಶುಭಾಶಯ" ಎಂದೆ.

ಕಣ್ಣು ಬಿಟ್ಟ ಆಕೆಯ ಮುಖ ಬಿಳಿಚಿಕೊಂಡಿತು.

"ಓ... ನೆಮೊತೊ ಸಾನ್. ಎಷ್ಟು ಬೇಗ ಬಂದ್ರಿ."

ಕನ್ನಡಿಯಲ್ಲಿ ಇನ್ನೊಬ್ಬ ನಾನು ಡಬ್ಬಿ ಹಿಡಿದು ಹಲ್ಲು ಬಿಡುತ್ತಿದ್ದ. ಈ ವರ್ಷದ ಮೊದಲ ಕಾಲು ನನ್ನದೇ ಇರಬೇಕೆಂದು ಆಗ ತಲೆಗೆ ಹೊಳೆಯಿತು.

"ಯಾರಾದ್ರೂ ಬಂದಿದ್ರಾ ಈಗಾಗಲೇ?"

"ಇಲ್ಲ."

"ಹಿಂದೆ ಹೋಗ್ತೀನಿ. ಬಂದೇ ಇಲ್ಲ ಅಂದ್ಕೊಳ್ಳಿ."

"ಎರಡೂ ಕಾಲು ಒಳಗಿದೆಯಲ್ಲ."

"ಕಾಗದ ಇದ್ರೆ ಕೊಡಿ, ಬೆಂಕಿ ನಾನೇ ಹಚ್ತೀನಿ." ಬೆಂಕಿ ಎಚ್ಚರಿಕೆ ಸಮಿತಿಯ ಮುಖ್ಯಸ್ಥ ಆಡಿದ ಮಾತಿದು.

"ಇವತ್ತು ಬೆಂಕಿ ಕೈಯಿಂದ ಕೈಗೆ ಕೊಡೋ ಹಾಗಿಲ್ಲ, ಅದೃಷ್ಟಾನೂ ಜೊತೆಗೆ ಹೋಗುತ್ತೆ" ಎಂದು ಆಕೆ ಕುರ್ಚಿಯಲ್ಲಿ ಕುಸಿದಳು. ಕುರ್ಚಿ ಅರ್ಧ ಸುತ್ತು ತಿರುಗಿ ಗೋಡೆಗೆ ಮುಖ ಮಾಡಿ ನಿಂತಿತು. ಆಕೆ ಅದನ್ನು ಮತ್ತೆ ಈ ಕಡೆ ತಿರುಗಿಸಲಿಲ್ಲ. ಇಷ್ಟು ಕಾಲ ಬರಿಗೈಯಲ್ಲಿ ಬಂದು ಕೆಡಿಸಿದ್ದು ಸಾಲದೆಂದು ಈಗ ಕೈತುಂಬ ತಂದು ಕೆಡಿಸಿದ್ದೆ.

ಗಲ್ಲಾದ ಮೇಲೆ ಒರಗಿಸಿದ್ದ ಫೋನಿನಿಂದ ಯಾರೋ ಕೂಗಿದರು. ಮಿಯೆನ್ ತಾಯಿ, ವಯಸ್ಸು ಎಪ್ಪತ್ತಾರು. ಖಾಯ್ ಕಾಲಿಡುವುದನ್ನು ನೋಡಲೆಂದು ನಾಮ್‌ದಿನ್ ಊರಿನಿಂದ ವೀಡಿಯೊದಲ್ಲಿ ಕಾದಿದ್ದರು. ತಾಯಿ ಮಗಳು ಒಂದೇ ಉಸಿರಿಗೆ ಮಾತಾಡಿದರು. ಮಿಯೆನ್ ಅವರ ಮಾತನ್ನೆಲ್ಲ ನನಗೆ ನಮ್ಮ ಭಾಷೆಯಲ್ಲಿ ದಾಟಿಸಿದಳು.

"ಹಂದಿ ಅಂತ ಯಾರು ಹೇಳಿದ್ದು ಅಂತ ಕೇಳ್ತಿದಾರೆ ಅಮ್ಮ."

"ಎಪ್ಪತ್ತೊಂದರಲ್ಲಿ ಹುಟ್ಟಿದ್ದು. ಹಂದಿನೇ. ನನ್ನ ಹೆಂಡತೀನ ಕೇಳಿ."

"ತಾರೀಕು?"

"ಜನವರಿ ಇಪ್ಪತ್ತು."

ಫೋನಿನಲ್ಲಿ ಅಜ್ಜಿ ತೊಡೆ ತಟ್ಟಿಕೊಂಡರು. ಮಿಯೆನ್ ಕೇಳುತ್ತ ಕೇಳುತ್ತ ಕುರ್ಚಿಯನ್ನು ನಿಧಾನವಾಗಿ ಈ ಕಡೆ ತಿರುಗಿಸಿದಳು.

"ಆ ವರ್ಷ ತೆತ್ ಬಂದಿದ್ದು ಇಪ್ಪತ್ತೇಳಕ್ಕಂತೆ. ಅಮ್ಮನ ಮದುವೆ ಆದ ವರ್ಷ, ಮರೆಯೋ ಹಾಗೇ ಇಲ್ಲವಂತೆ. ಹಂದಿ ವರ್ಷ ಶುರುವಾಗೋಕೆ ಒಂದು ವಾರ ಮುಂಚೆ ಹುಟ್ಟಿದೀರಿ. ನೀವು ಹಂದಿ ಅಲ್ಲ ನೆಮೊತೊ ಸಾನ್. ನಾಯಿ."

ನಮ್ಮಲ್ಲಿ ವರ್ಷ ಜನವರಿ ಒಂದಕ್ಕೇ ಬದಲಾಗುತ್ತದೆ, ಅವರಲ್ಲಿ ಚಂದ್ರ ನೋಡಿ. ಐವತ್ತೈದು ವರ್ಷ ಹಂದಿಯಂತೆ ಉಂಡು, ಹಂದಿಯಂತೆ ಹಟ ಹಿಡಿದು ಬದುಕಿದ್ದೆಲ್ಲ ವ್ಯರ್ಥವಾಯಿತು.

"ನಾಯೀನ ಕರೆದೆ, ನಾಯೀನೇ ಬಂತು, ಸ್ವಲ್ಪ ಮುದಿ ಅಷ್ಟೇ ಅಂತಿದಾರೆ ಅಮ್ಮ." ಡಬ್ಬಿ ತೆರೆದು ಕೆಂಪನ್ನ ಕಂಡ ಮೇಲಂತೂ ಅಜ್ಜಿಯ ಸಂತೋಷ ಫೋನಿಗೆ ಹಿಡಿಸಲಿಲ್ಲ. ಕೆಂಪು ಅಲ್ಲಿಯೂ ಶುಭವೇ.

ಮಿಯೆನ್ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಇವತ್ತು ಮಾತ್ರ 'ಮತ್ತೆ ಬರ್ತೀನಿ' ಅನ್ನೋ ಹಾಗಿಲ್ಲ. ಏನಾದ್ರೂ ತಗೊಳ್ಳಿ."

ಡಬ್ಬಿ ಕೊಡಲು ಬಂದವನು ಪರ್ಸ್ ತಂದಿರಲಿಲ್ಲ. ಜೇಬು ತಡಕುವುದನ್ನು ನೋಡಿ ಆಕೆಗೆ ನಗು ತಡೆಯಲಾಗಲಿಲ್ಲ. ಮೊದಲು ಬಂದವರಿಗೆಂದು ಖಾಯ್‌ಗೆ ತೆಗೆದಿಟ್ಟಿದ್ದ ಕೆಂಪು ಲಕೋಟೆಯನ್ನು ನನ್ನ ಕೈಗಿಟ್ಟಳು. ಅದರೊಳಗಿನ ನೋಟನ್ನೇ ಕೊಟ್ಟು ಅಕ್ಕಿಹಾಳೆ, ಮೀನಿನ ರಸ, ಒಂದು ಹಿಡಿ ಪುದೀನ ಕೊಂಡೆ. ಅಷ್ಟರಲ್ಲಿ ಹೊಸ ಕೋಟು ತೊಟ್ಟ ಖಾಯ್ ಬಂದು ಹೊಸ್ತಿಲ ಆಚೆಯೇ ನಿಂತ.

"ಅಕ್ಕ, ಇವರ್ಯಾಕೆ ಒಳಗೆ?"

"ನೀನು ತಡ ಮಾಡಿದೆ. ದೊಡ್ಡ ನಾಯಿ ಬಂದಾಯ್ತು."

"ಇನ್ನೂ ಎಂಟೂ ಐವತ್ತೊಂಬತ್ತು ಅಕ್ಕ. ಮತ್ತೆ ನನ್ನ ಲಕೋಟೆ?"

"ಅವರನ್ನೇ ಕೇಳು."

ಮನೆಯಲ್ಲಿ ವಿಷಯ ಹೇಳಿದಾಗ ಸಚಿಕೊ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಅದಕ್ಕೇ ಹೇಳ್ತೀನಿ, ಯಾರು ಕರೆದ್ರೂ ಬಾಲ ಅಲ್ಲಾಡಿಸ್ಕೊಂಡು ಹೋಗೋದು" ಎಂದು ಪುದೀನದ ಪೊಟ್ಟಣ ಬಿಚ್ಚಿದಳು. ಸೊಪ್ಪು ಸುತ್ತಿದ್ದ ಕಾಗದ ಒದ್ದೆಯಾಗಿತ್ತು. ಮೇಜಿನ ಮೇಲೆ ಬಿಡಿಸಿ ನೋಡಿದೆ. ಊಟದ ಡಬ್ಬಿ ಕಾರ್ಖಾನೆಯ ಅರ್ಜಿ. ಮಿಯೆನ್ ಹೆಸರು, ವಿಳಾಸ ಸೊಪ್ಪಿನ ನೀರು ತಾಗಿ ಹಸಿರಾಗಿದ್ದವು. ಅದನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಒತ್ತು ಕೊಟ್ಟೆ.