ರಾಜನಿಗೆ ನಾಲ್ಕು ಅಂಕ

ಚದುರಂಗದ ರಾಜನನ್ನು ಮೂಲೆಯಲ್ಲಿ ಬಚ್ಚಿಡಬೇಕು, ಅವನಿಂದ ಬೇರೆ ಉಪಯೋಗವಿಲ್ಲ ಎಂದು ಯಾರಾದರೂ ಹೇಳಿದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. "ಅಜ್ಜಿ, ಅದು ಬರೀ ಆಟ" ಎನ್ನುತ್ತಾಳೆ ಮೊಮ್ಮಗಳು. ಬರೀ ಆಟವಂತೆ! ಅವಳಿಗೇನು ಗೊತ್ತು.

ನನಗೆ ಆಟ ಕಲಿಸಿದವರು ಹಿರಿಯಡ್ಕದ ನಮ್ಮ ದೊಡ್ಡಮ್ಮ, ಅಮ್ಮನ ಅಕ್ಕ. ದೊಡ್ಡಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಒಮ್ಮೆ ರಜೆಗೆ ಬಂದಾಗ ತಂದ ಮರದ ಕಾಯಿಗಳು ಮನೆಯಲ್ಲೇ ಉಳಿದಿದ್ದವು. ದೊಡ್ಡಮ್ಮ ಜಗಲಿಯಲ್ಲಿ ಕೂತು, ಮಡಿಲಲ್ಲಿ ಎಲೆ, ಹೊಗೆಸೊಪ್ಪು ಹರಡಿದ ಗೆರಸೆ ಇಟ್ಟುಕೊಂಡು, ಬೀಡಿ ಕಟ್ಟುತ್ತಲೇ ಆಡುತ್ತಿದ್ದರು. ನಾನು ತಲೆ ಕೆರೆದುಕೊಂಡು ಒಂದು ಕಾಯಿ ನಡೆಸುವಷ್ಟರಲ್ಲಿ ಅವರ ನಾಲ್ಕು ಬೀಡಿ ಮುಗಿದಿರುತ್ತಿತ್ತು. ಮಂತ್ರಿ, ಆನೆಗಳು ಹೋದ ಮೇಲೂ ನಾನು ರಾಜನನ್ನು ಮೂಲೆಯಲ್ಲಿ ಕೂರಿಸಿಕೊಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. "ಎಂತ ಮಾರಾಯ್ತಿ, ಆಳುಗಳೆಲ್ಲ ಹೋದ ಮೇಲೆ ಯಜಮಾನನೇ ಗದ್ದೆಗೆ ಇಳಿಯಬೇಕಲ್ವಾ? ಅವನಿಗೆ ಕೈಕಾಲು ಇಲ್ವಾ?" ನಮ್ಮ ಮನೆಮಾತು ತುಳು. ಬೈಗುಳದ ಖಾರ ಕನ್ನಡದಲ್ಲಿ ಅರ್ಧಕ್ಕರ್ಧ ಇಳಿದಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾರ್ಕಳದ ಕಡೆಯ ಒಂದು ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಣಿಪಾಲದಲ್ಲಿ ಕಾಲೇಜುಗಳ ಚದುರಂಗ ಪಂದ್ಯ, ತಂಡಕ್ಕೆ ನಾಲ್ಕು ಜನ ಬೇಕು ಎಂದು ನೋಟೀಸು ಹಾಕಿದರು. ಮೂವರು ಹುಡುಗರು ಮೊದಲೇ ನಿಶ್ಚಯವಾಗಿದ್ದರು. ನಾಲ್ಕನೆಯ ಜಾಗಕ್ಕೆ ನಾನು ಹೆಸರು ಕೊಟ್ಟೆ. ಪರೀಕ್ಷೆ ಮುಗಿದ ಕೂಡಲೇ ನನಗೆ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ಅದಕ್ಕೆ ಮೊದಲು ಒಂದೇ ಒಂದು ಕಾಗದದಲ್ಲಾದರೂ ನನ್ನ ಹೆಸರು, ನಾನು ಗೆದ್ದದ್ದಕ್ಕಾಗಿ, ಬರಬೇಕು ಎಂಬ ಹಟ ನನಗೆ. ಯಾರ ಮಗಳು, ಯಾರ ಹೆಂಡತಿ ಎಂದಲ್ಲ.

ತಂಡದ ಹೊಣೆ ಹೊತ್ತಿದ್ದ ಅಧ್ಯಾಪಕರು ನಮ್ಮನ್ನೆಲ್ಲ ಕೂರಿಸಿ ಕಪ್ಪು ಹಲಗೆಯ ಮೇಲೆ ಕಾಯಿಗಳ ಬಲ ಬರೆದರು. ಕಾಲಾಳಿಗೆ ಒಂದು, ಕುದುರೆಗೆ ಮೂರು, ಒಂಟೆಗೂ ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು. ರಾಜನ ಎದುರು ಒಂದು ಗೀಟು ಎಳೆದು ಬಿಟ್ಟರು.

"ರಾಜನಿಗೆ ಎಷ್ಟು ಸರ್?" ಎಂದೆ.

"ರಾಜನನ್ನು ಕಾಪಾಡುವುದು, ಅಷ್ಟೆ. ಅವನಿಗೆ ಎಂತ ಅಂಕ?"

"ಕೊನೆಯಾಟದಲ್ಲಿ ಅವನಿಗೆ ನಾಲ್ಕು ಉಂಟು ಸರ್. ಕುದುರೆ ತನ್ನ ಪಕ್ಕದ ಮನೆಯನ್ನು ಕಾಯಲಿಕ್ಕಾಗುವುದಿಲ್ಲ. ರಾಜ ಸುತ್ತಲಿನ ಎಂಟನ್ನೂ ಕಾಯುತ್ತಾನೆ. ಕುದುರೆಗಿಂತ ಜಾಸ್ತಿ, ಆನೆಗಿಂತ ಕಡಿಮೆ."

ಹುಡುಗರು ನಕ್ಕರು. ಅಧ್ಯಾಪಕರೂ ನಕ್ಕರು. "ಆಯಿತು, ನಾಡಿದ್ದು ಆಡಿ ತೋರಿಸು" ಎಂದರು.

ಅಯ್ಯೋ, ಆ ನಾಡಿದ್ದು! ನಾಲ್ಕನೆಯ ಜಾಗಕ್ಕೆ ಹೆಸರು ಕೊಟ್ಟಿದ್ದ ಇನ್ನೊಬ್ಬನ ಜೊತೆ ನನಗೆ ಆಟ, ಗೆದ್ದವರಿಗೆ ಜಾಗ. ಎದುರಾಳಿ ನನಗಿಂತ ಒಂದು ವರ್ಷ ಹಿರಿಯ, ಉಡುಪಿಯ ಹುಡುಗ. ಏಳೆಂಟು ನಡೆ ಚೆನ್ನಾಗಿಯೇ ಹೋಯಿತು. ಆಮೇಲೆ ನಾನು ರಾಜನನ್ನು ಎತ್ತಿ, ಕುದುರೆಯ ಹಾಗೆ ಹಾರಿಸಿ ಇಟ್ಟೆ. ನಮ್ಮ ಮನೆಯ ಆಟದಲ್ಲಿ ಅದು ಉಂಟು. ಒಮ್ಮೆಯೂ ಚೆಕ್ ಬೀಳದ ರಾಜ, ಇಡೀ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು. ದೊಡ್ಡಮ್ಮನಿಗೆ ಅವರ ಅಪ್ಪ ಕಲಿಸಿದ್ದು. ಲೋಕವೆಲ್ಲ ಹೀಗೆಯೇ ಆಡುತ್ತದೆ ಎಂದುಕೊಂಡಿದ್ದೆ.

"ಸರ್, ಇವಳ ರಾಜನಿಗೆ ರೆಕ್ಕೆ ಬಂತು!" ಎಂದು ಆ ಹುಡುಗ ಕೂಗಿದ. ಕೋಣೆಯಿಡೀ ನಗೆ.

"ನಮ್ಮಲ್ಲಿ ಹಾಗೆ ಉಂಟು" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಅಧ್ಯಾಪಕರು. "ಹಾರಿಸಿದ್ದು ವಾಪಸು ಇಡು. ಆದರೆ ಮುಟ್ಟಿದ ಕಾಯಿ ನಡೆಸಲೇಬೇಕು. ಇಲ್ಲಿಯ ನಿಯಮ ಅದು."

ಬೇರೆ ದಾರಿ ಇರಲಿಲ್ಲ. ರಾಜನನ್ನು ಒಂದು ಮನೆ ಮುಂದಕ್ಕೆ, ಬಟ್ಟಬಯಲಿಗೆ ನಡೆಸಿದೆ. ನಾಚಿಕೆಯಾಗಿತ್ತು. ಎದ್ದು ಹೋಗಿಬಿಡುವ ಎಂದೂ ಅನಿಸಿತು. ಹೋದರೆ ಇವರಿಗೆ ಜೀವಮಾನವಿಡೀ ನಗಲಿಕ್ಕೆ ಒಂದು ಕಥೆ ಸಿಗುತ್ತದಲ್ಲ? ಕೂತೆ.

ಅವನು ಮಂತ್ರಿಯನ್ನು ಮುಂದೆ ತಂದ. ನನ್ನ ಮಂತ್ರಿಯನ್ನು ಕೊಟ್ಟು ಅವನದನ್ನು ತೆಗೆದೆ. ಮತ್ತೆ ಆನೆಗಳನ್ನೂ ಹಾಗೆಯೇ ಒಂದಕ್ಕೊಂದು ಹೊಡೆಸಿದೆ. ಕೊನೆಗೆ ಅವನಿಗೊಂದು ಕುದುರೆ, ನನಗೊಂದು ಒಂಟೆ, ಇಬ್ಬರಿಗೂ ನಾಲ್ಕು ನಾಲ್ಕು ಕಾಲಾಳು. ಅವನ ರಾಜ ಮೂಲೆಯಲ್ಲಿ ಬೆಚ್ಚಗಿದ್ದ. ನನ್ನವನು ಆಗಲೇ ಬಯಲಿಗೆ ಇಳಿದಿದ್ದ. ಅಲ್ಲಿಂದ ಒಂದೊಂದೇ ಮನೆ ನಡೆಸಿದೆ. ಕುದುರೆ ಎಲ್ಲಿ ಕಾಲಿಡಲು ನೋಡಿದರೂ ಆ ಮನೆಯನ್ನು ರಾಜನೋ ಒಂಟೆಯೋ ಕಾಯುತ್ತಿತ್ತು. ಒಂದು ಕಾಲಾಳು ತಿಂದೆ, ಇನ್ನೊಂದು ತಿಂದೆ. ಅವನ ರಾಜ ಓಡಿ ಬರುವ ಹೊತ್ತಿಗೆ ನನ್ನ ಕಾಲಾಳು ಕೊನೆಯ ಸಾಲು ಮುಟ್ಟಿ ಮಂತ್ರಿಯಾಗಿತ್ತು. ಹುಡುಗ ಸೋಲೊಪ್ಪಿ ತನ್ನ ರಾಜನನ್ನು ಮಲಗಿಸಿದ.

ಅಧ್ಯಾಪಕರದ್ದು ಮಾತ್ರ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗದ ಕಥೆ. ಗಂಟಲು ಸರಿಮಾಡಿಕೊಂಡು, "ಆದರೆ ನೀನು ನಿಯಮಕ್ಕೆ ವಿರುದ್ಧ ಆಡಿದ್ದೀ ಅಲ್ವಾ? ಆ ಲೆಕ್ಕದಲ್ಲಿ ಆಟ ಅವನದ್ದೇ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಒಂದು ತಪ್ಪಿಗೆ ಎರಡು ಸಲ ದಂಡ ಉಂಟಾ ಸರ್? ಮುಟ್ಟಿದ ರಾಜನನ್ನು ನಡೆಸು ಅಂದಿರಿ, ನಡೆಸಿದೆ. ಅವನು ಗೆದ್ದಿದ್ದರೆ ಈ ಲೆಕ್ಕ ತೆಗೆಯುತ್ತಿದ್ದಿರಾ?"

"ಹೆಣ್ಣುಮಕ್ಕಳಿಗೆ ಇಷ್ಟು ಬಾಯಿ ಒಳ್ಳೆಯದಲ್ಲ."

"ಬಾಯಿ ಬೇಡ ಸರ್. ಹಲಗೆ ನೋಡಿ."

ನಾನು ಕಾಯಿಗಳನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಹೆಸರು ಬರೆಯುವವರೆಗೆ ಏಳುವುದಿಲ್ಲ ಎಂದು ಕೈಕಟ್ಟಿ ಕೂತೆ. ಹುಡುಗರು ಒಬ್ಬೊಬ್ಬರಾಗಿ ಹೊರಟರು. ಎದುರಾಳಿ ಬಾಗಿಲಲ್ಲಿ ನಿಂತು, "ಗೆದ್ದದ್ದು ಅವಳೇ ಸರ್" ಎಂದು ಗೊಣಗಿ ಬಸ್ಸಿಗೆ ಓಡಿದ. ಬೀಗ ಹಾಕಲು ಬಂದ ಜವಾನ ನಮ್ಮಿಬ್ಬರ ಮುಖವನ್ನೂ ನೋಡಿ, ಬಾಗಿಲ ಬಳಿಯ ಬೆಂಚಿನಲ್ಲಿ ಕೂತುಬಿಟ್ಟ. ಐದು ಗಂಟೆಯ ಬಸ್ಸು ಹೋದದ್ದು ಕೇಳಿಸಿತು. ಮನೆಯಲ್ಲಿ ಬೈಗುಳ ಗ್ಯಾರಂಟಿ ಎಂದು ಗೊತ್ತಿತ್ತು. ಬೈಯಲಿ.

ಕೊನೆಗೆ ಅಧ್ಯಾಪಕರು ಪಟ್ಟಿಯ ಕಾಗದ ತೆಗೆದು ಸರಸರನೆ ಬರೆದು ನನ್ನ ಮುಂದೆ ಹಿಡಿದರು. ನಾಲ್ಕನೆಯದಾಗಿ ಆ ಹುಡುಗ. ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ "ಬದಲಿ ಆಟಗಾರ" ಎಂದು ನಾನು.

"ಅಲ್ಲಿ ಅಲ್ಲ ಸರ್" ಎಂದೆ. "ಗೆರೆಯ ಮೇಲೆ."

ಅವರು ಹಲಗೆಯ ಮೇಲಿನ ಕಾಯಿಗಳನ್ನು ಒಮ್ಮೆ ನೋಡಿದರು. ಆಮೇಲೆ ಅವರು ಹುಡುಗನ ಹೆಸರು ಹೊಡೆದು ಹಾಕಿ, ಅದರ ಪಕ್ಕದಲ್ಲಿ ನನ್ನದು ಬರೆದರು. ಕಾಗುಣಿತ ಸರಿಯಾಗಿದೆಯೇ ಎಂದು ಓದಿ ನೋಡಿ, ನಾನು ಎದ್ದೆ.